ಲೊಡಲೊಡ ಫೋನಿನ ಪರವಾಗಿ

ಎರಡು ಹೋಳುಗಳು ಒಂದರ ಮೇಲೊಂದು ಜಾರುವ ಸ್ಲೈಡರ್ ಫೋನೊಂದು ಕೈಗೆ ಸಿಕ್ಕರೆ ಜನ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಮೇಲಿನ ಹೋಳನ್ನು ಒಂದು ಕೈಯಲ್ಲಿ, ಕೆಳಗಿನದನ್ನು ಇನ್ನೊಂದರಲ್ಲಿ ಹಿಡಿದು ಮೆಲ್ಲಗೆ ತಿರುಚುವುದು. ಕೂದಲೆಳೆಯಷ್ಟು ಅಲುಗಿದರೂ ಸಾಕು, ತೀರ್ಪು ಸಿದ್ಧ: "ಲೂಸಿದೆ ಕಣೋ, ಬಾಳಿಕೆ ಬರಲ್ಲ." ಸಂತೆಯಲ್ಲಿ ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುವವರ ಗತ್ತು ಅದರಲ್ಲಿತ್ತು. ಆದರೆ ಹಲ್ಲು ನೋಡುವ ರೈತನಿಗೆ ಹಲ್ಲಿಗೂ ವಯಸ್ಸಿಗೂ ಏನು ಸಂಬಂಧ ಎಂಬುದು ಗೊತ್ತಿರುತ್ತದೆ. ಅಲುಗಾಟಕ್ಕೂ ಬಾಳಿಕೆಗೂ ಏನು ಸಂಬಂಧ ಎಂದು ಫೋನ್ ತಿರುಚುವ ನಮ್ಮಲ್ಲಿ ಯಾರೂ ಕೇಳಿಕೊಳ್ಳಲಿಲ್ಲ.

ಈ ತೀರ್ಪಿಗೆ ಸಿಕ್ಕವುಗಳಲ್ಲಿ ಮುಖ್ಯವಾದದ್ದು ನೋಕಿಯಾ ಎನ್95. 2006ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಅದನ್ನು ಘೋಷಿಸಿದರು, 2007ರ ಮಾರ್ಚಿನಲ್ಲಿ ಅಂಗಡಿಗೆ ಬಂತು. ಉದ್ದ 99 ಮಿ.ಮೀ., ಅಗಲ 53, ದಪ್ಪ 21. ತೂಕ 120 ಗ್ರಾಂ. ಅಷ್ಟರೊಳಗೆ 2.6 ಇಂಚಿನ ಪರದೆ, ಕಾರ್ಲ್ ಝೈಸ್ ಮಸೂರದ 5 ಮೆಗಾಪಿಕ್ಸೆಲ್ ಕ್ಯಾಮೆರಾ, ಜಿಪಿಎಸ್, ವೈಫೈ, 3ಜಿ, ಮಾಮೂಲಿ ಇಯರ್‌ಫೋನು ನೇರ ಸಿಕ್ಕಿಸಬಹುದಾದ 3.5 ಮಿ.ಮೀ. ತೂತು, ಟಿವಿಗೆ ಜೋಡಿಸುವ ವ್ಯವಸ್ಥೆ. ಒಳಗಿನದನ್ನು ಎಲ್ಲರೂ ಹೊಗಳಿದರು. ಮೈಕಟ್ಟಿನ ಮಾತು ಬಂದಾಗ ಮಾತ್ರ ಮುಖ ಹುಳ್ಳಗಾಯಿತು. ಪ್ಲಾಸ್ಟಿಕ್ಕು, ಹಿಂಭಾಗದ ಮುಚ್ಚಳ ಕಿರುಗುಟ್ಟುತ್ತದೆ, ಸ್ಲೈಡರ್ ಲೊಡಲೊಡ ಅನ್ನುತ್ತದೆ, ಇಷ್ಟು ದುಡ್ಡು ಕೊಟ್ಟವರಿಗೆ ಇಂಥ ಮೈಯೇ ಎಂಬ ದೂರು ಆ ಕಾಲದ ವಿಮರ್ಶೆಗಳಲ್ಲಿ ಪದೇಪದೇ ಬರುತ್ತದೆ.

ಹದಿನೈದಿಪ್ಪತ್ತು ವರ್ಷ ಕಳೆದ ಮೇಲೆ ಅದೇ ಫೋನಿನ ಬಗ್ಗೆ ಕೇಳಿಸುವ ಮಾತು ಪೂರ್ತಿ ತಿರುಗಿದೆ. "ಆಗಿನ ನೋಕಿಯಾ ಅಂದ್ರೆ ಕಲ್ಲು. ಗೋಡೆಗೆ ಎಸೆದರೂ ಏನೂ ಆಗ್ತಿರಲಿಲ್ಲ." ಹೀಗೆ ಹೇಳುವವರು ಹಳೆಯ ನೋಕಿಯಾ 3310ರ ಕೀರ್ತಿಯನ್ನು ತಂದು ಎನ್95ಕ್ಕೆ ತೊಡಿಸುತ್ತಾರೆ, ಅಣ್ಣನ ಅಂಗಿಯನ್ನು ತಮ್ಮನಿಗೆ ತೊಡಿಸಿದ ಹಾಗೆ. ಇನ್ನು ಕೊಂಚ ತಂತ್ರಜ್ಞಾನ ಬಲ್ಲವರು ಮೂರನೆಯದೊಂದು ಮಾತು ಸೇರಿಸುತ್ತಾರೆ: ಸ್ಲೈಡರ್‌ಗಳು ಸತ್ತದ್ದೇ ಅಲುಗುವ ಭಾಗ ಇದ್ದದ್ದರಿಂದ. ಚಲಿಸುವುದು ಮುರಿಯುತ್ತದೆ, ಅದಕ್ಕೇ ಚಲಿಸದ ಗಾಜಿನ ಹಲಗೆ ಗೆದ್ದಿತು ಎಂದು.

ಮೂರು ಮಾತೂ ನನಗೆ ಒಪ್ಪಿಗೆಯಿಲ್ಲ. ಮೇಲ್ನೋಟಕ್ಕೆ ಒಂದಕ್ಕೊಂದು ವಿರುದ್ಧವಾಗಿ ಕಂಡರೂ ಮೂರೂ ಒಂದೇ ಅಳತೆಗೋಲನ್ನು ಹಿಡಿದಿವೆ. ಕೈಯಲ್ಲಿ ಹಿಡಿದಾಗ ಕಲ್ಲಿನಂತೆ ಅನಿಸಿದರೆ ಒಳ್ಳೆಯ ಕಟ್ಟು, ಅನಿಸದಿದ್ದರೆ ಕೆಟ್ಟದ್ದು ಎಂಬುದೇ ಆ ಅಳತೆ. ಅಲುಗುವ ಕೆಲಸಕ್ಕೆಂದೇ ಮಾಡಿದ ವಸ್ತುವನ್ನು ಅಲುಗುತ್ತದೆ ಎಂದು ಬೈಯುವುದು ತೊಟ್ಟಿಲು ತೂಗುತ್ತದೆ ಎಂದು ದೂರಿದ ಹಾಗೆ.

ಬೆಂಕಿಪೊಟ್ಟಣವನ್ನು ನೆನೆಸಿಕೊಳ್ಳಿ. ಜಗತ್ತಿನ ಅತ್ಯಂತ ಅಗ್ಗದ ಸ್ಲೈಡರ್ ಅದು. ಒಳಗಿನ ಗೂಡು ಹೊರಕವಚಕ್ಕಿಂತ ಕೊಂಚ ಚಿಕ್ಕದಿರುವುದರಿಂದಲೇ ಹೆಬ್ಬೆರಳಿನಿಂದ ತಳ್ಳಿದರೆ ಜಾರುತ್ತದೆ. ತೇವದ ದಿನ ಕಾಗದ ಉಬ್ಬಿ ಆ ಸಂದು ಮುಚ್ಚಿಹೋದರೆ ಕಡ್ಡಿಯ ಬದಲು ಕವಚವೇ ಕಿತ್ತು ಬರುತ್ತದೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಮೇಜಿನ ಖಾನೆ, ಬಾಗಿಲ ಚೌಕಟ್ಟು ಮಾಡುತ್ತಿದ್ದ ಆಚಾರಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಬೇಸಿಗೆಯಲ್ಲಿ ಬಿಗಿಯಾಗಿ ಕೂತ ಖಾನೆ ಜುಲೈ ತಿಂಗಳಲ್ಲಿ ಗುದ್ದಿದರೂ ಹೊರಬರುವುದಿಲ್ಲ. ಅದಕ್ಕೇ ಅವರು ಮಳೆಗಾಲದ ಮರಕ್ಕೆಂದು ಸಂದು ಬಿಟ್ಟೇ ಕೂಡಿಸುತ್ತಿದ್ದರು. ಮಾರ್ಚಿನಲ್ಲಿ ಖಾನೆ ಎಳೆದವರಿಗೆ ಅದು ಲೊಡಲೊಡ ಅನ್ನಿಸುತ್ತಿತ್ತು. ಆಚಾರಿಗೆ ಕೈ ಸರಿಯಿಲ್ಲ ಎಂದು ಯಾರೂ ಅನ್ನುತ್ತಿರಲಿಲ್ಲ.

ಫೋನಿನ ಸ್ಲೈಡರಿನಲ್ಲೂ ಇದೇ ಕಥೆ, ಅಳತೆ ಮಾತ್ರ ಸೂಕ್ಷ್ಮ. ಎರಡು ತೆಳುವಾದ ಉಕ್ಕಿನ ತಗಡುಗಳು. ಒಂದರ ಅಂಚುಗಳನ್ನು ಒಳಕ್ಕೆ ಮಡಚಿ ಹಳಿ ಮಾಡಿರುತ್ತಾರೆ, ಇನ್ನೊಂದು ಅದರೊಳಗೆ ಓಡುತ್ತದೆ. ಲೋಹ ಲೋಹವನ್ನು ತಿನ್ನದಿರಲೆಂದು ನಡುವೆ ಜಾರುವ ಪ್ಲಾಸ್ಟಿಕ್ಕಿನ ಪಟ್ಟಿ. ಒಂದು ತುದಿ ಈ ತಗಡಿಗೆ, ಇನ್ನೊಂದು ತುದಿ ಆ ತಗಡಿಗೆ ಸಿಕ್ಕಿಸಿದ ಸ್ಪ್ರಿಂಗು. ಅರ್ಧ ದಾರಿಯವರೆಗೆ ನಾವು ಸ್ಪ್ರಿಂಗಿನ ವಿರುದ್ಧ ತಳ್ಳುತ್ತೇವೆ. ನಡುವಿನ ಬಿಂದು ದಾಟಿದ್ದೇ ತಡ, ಅದೇ ಸ್ಪ್ರಿಂಗು ಪಕ್ಷ ಬದಲಿಸಿ ನಮ್ಮ ಕಡೆಯಿಂದ ತಳ್ಳುತ್ತದೆ. ಟಕ್. ಗೋಡೆಯ ಮೇಲಿನ ಹಳೆಯ ಲೈಟ್ ಸ್ವಿಚ್ಚು ಇದೇ ಜಾಣತನದಿಂದ ನಡೆಯುತ್ತಿತ್ತು.

ಈ ಹಳಿಯಲ್ಲಿ ಸಂದು ಇರಲೇಬೇಕು. ಜೇಬಿನ ನೂಲು, ಬೆವರು, ಬಸ್ಸಿನ ಧೂಳು, ಬಿಸಿಲಿಗಿಟ್ಟ ಕಾರಿನ ಕಾವು ಎಲ್ಲವನ್ನೂ ನುಂಗಿಕೊಂಡು ಅದು ಜಾರಬೇಕು. ಇನ್ನು ಒಂದು ಚಿಕ್ಕ ಲೆಕ್ಕ. ಫೋನು ತೆರೆದು ನಿಂತಾಗ ಎರಡು ತಗಡುಗಳು ಒಂದನ್ನೊಂದು ಹಿಡಿದಿರುವ ಉದ್ದ ಕಡಿಮೆಯಾಗುತ್ತದೆ, ಹೊರಚಾಚಿದ ಉದ್ದ ಹೆಚ್ಚುತ್ತದೆ. ಹಿಡಿತ 20 ಮಿ.ಮೀ., ಅಲ್ಲಿನ ಸಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ಎಂದಿಟ್ಟುಕೊಳ್ಳಿ. 60 ಮಿ.ಮೀ. ಆಚೆಯ ತುದಿಯಲ್ಲಿ ಅದು ಮೂರು ಪಟ್ಟಾಗಿ ಕಾಣುತ್ತದೆ. ಬೆರಳಿಗೆ ತಿಳಿಯುವ ಅಲುಗಾಟ ಇದೇ. ಹಳಿ ಸವೆದಿದೆ ಎಂದಲ್ಲ, ಸನ್ನೆಕೋಲು ಉದ್ದವಾಗಿದೆ ಎಂದರ್ಥ. ಮುಚ್ಚಿದಾಗ ಗಟ್ಟಿಯಾಗಿದ್ದು ತೆರೆದಾಗ ಮಾತ್ರ ಅಲುಗಿದರೆ ಕಾರಣ ಬಹುಮಟ್ಟಿಗೆ ಕಾರ್ಖಾನೆಯದಲ್ಲ, ಜ್ಯಾಮಿತಿಯದು.

ಎನ್95ರಲ್ಲಿ ಇನ್ನೂ ಒಂದು ತೊಡಕು ಇತ್ತು. ಅದು ಎರಡೂ ದಿಕ್ಕಿಗೆ ಜಾರುತ್ತಿತ್ತು. ಮೇಲಕ್ಕೆ ತಳ್ಳಿದರೆ ಅಂಕಿಗಳ ಕೀಪ್ಯಾಡ್. ಕೆಳಕ್ಕೆ ಎಳೆದರೆ ತಲೆಯ ಕಡೆ ಹಾಡು ನಿಲ್ಲಿಸುವ, ಮುಂದೆ ಓಡಿಸುವ ಗುಂಡಿಗಳು ಹೊರಬಿದ್ದು ಪರದೆ ತಾನಾಗಿ ಅಡ್ಡ ತಿರುಗುತ್ತಿತ್ತು. ಅಂದರೆ ಒಂದೇ ಹಳಿಯಲ್ಲಿ ಮೂರು ನಿಲ್ದಾಣ. ಮಾಮೂಲಿ ಸ್ಲೈಡರ್‌ಗೆ ಎರಡು ತುದಿಗಳಲ್ಲಿ ಗಟ್ಟಿಯಾಗಿ ನಿಂತರೆ ಸಾಕು, ಒಂದೊಂದು ತುದಿಯಲ್ಲೂ ತಡೆ ಇರುತ್ತದೆ. ಎನ್95ಕ್ಕೆ ಮುಚ್ಚಿದ ಸ್ಥಿತಿಯೇ ನಡುದಾರಿ. ಎರಡೂ ಕಡೆ ಹೋಗಲು ಸ್ವತಂತ್ರವಾಗಿರುವ ಜಾಗದಲ್ಲಿ, ಜೇಬಿನಲ್ಲಿ ಎಷ್ಟು ಕುಲುಕಿದರೂ ಅದು ಕದಲದೆ ನಿಲ್ಲಬೇಕಿತ್ತು. ಬಿಗಿ ಜಾಸ್ತಿಯಾದರೆ ಹೆಬ್ಬೆರಳಿಗೆ ನೋವು, ಸಡಿಲವಾದರೆ ಜೇಬಿನಲ್ಲೇ ತೆರೆದುಕೊಳ್ಳುತ್ತದೆ. ಈ ಎರಡರ ನಡುವಿನ ಕಿರಿದಾದ ಹಾದಿಯಲ್ಲಿ 21 ಮಿ.ಮೀ. ದಪ್ಪದೊಳಗೆ ಕೆಲಸ ಮುಗಿಸಿದವರನ್ನು ಎರಡು ಬೆರಳಿನಿಂದ ತಿರುಚಿ ನೋಡಿ ಅನುತ್ತೀರ್ಣ ಮಾಡಿದೆವು.

ಈಗ ನನ್ನ ಮೇಜಿನ ಮೇಲೊಂದು ಎನ್95 ಇದೆ. ಚಿಕ್ಕಪ್ಪನದು. ಬ್ಯಾಟರಿ ಸತ್ತು ಎಷ್ಟೋ ಕಾಲವಾಯಿತು, ಪರದೆಯಲ್ಲಿ ಏನೂ ಮೂಡುವುದಿಲ್ಲ. ಆದರೆ ಮೇಲಕ್ಕೆ ತಳ್ಳಿದರೆ ಟಕ್, ಕೆಳಕ್ಕೆ ಎಳೆದರೆ ಟಕ್. ಅಲುಗುತ್ತದೆಯೇ? ಅಲುಗುತ್ತದೆ. ಹೊಸದಿದ್ದಾಗ ಎಷ್ಟು ಅಲುಗುತ್ತಿತ್ತೋ ಈಗಲೂ ಅಷ್ಟೇ ಎನ್ನುತ್ತಾನೆ ಚಿಕ್ಕಪ್ಪ. ಅವನ ನೆನಪನ್ನು ಪ್ರಮಾಣವೆಂದು ಮುಂದಿಡುವುದಿಲ್ಲ, ಆದರೆ ಹಳಿಯಂತೂ ಮುರಿದಿಲ್ಲ.

3310ರ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಕಲ್ಲಿನ ಕಥೆ ಹುಟ್ಟಿದ್ದು ಅಲ್ಲಿಂದ. 2000ನೇ ಇಸವಿಯ ಆ ಫೋನು ಬಿದ್ದರೆ ಏನಾಗುತ್ತಿತ್ತು? ಮುಚ್ಚಳ ಒಂದು ಕಡೆ, ಬ್ಯಾಟರಿ ಇನ್ನೊಂದು ಕಡೆ, ಉಳಿದ ಮೈ ಮಂಚದ ಕೆಳಗೆ. ಹುಡುಕಿ ತಂದು ಮೂರನ್ನೂ ಜೋಡಿಸಿ ಗುಂಡಿ ಒತ್ತಿದರೆ ಮತ್ತೆ ಎರಡು ಕೈ ಕುಲುಕುವ ಚಿತ್ರ. ಅದರ ಗಟ್ಟಿತನದ ಗುಟ್ಟಿನಲ್ಲಿ ಒಂದು ಪಾಲು ಈ ಚದುರುವಿಕೆಯಲ್ಲೇ ಇತ್ತು. ಬಿದ್ದ ಪೆಟ್ಟು ಮುಚ್ಚಳ ಹಾರುವುದರಲ್ಲಿ, ಬ್ಯಾಟರಿ ಚಿಮ್ಮುವುದರಲ್ಲಿ ಖರ್ಚಾಗಿಹೋಗುತ್ತಿತ್ತು. ಪರದೆಗೆ ತಲುಪುವಾಗ ಉಳಿಯುತ್ತಿದ್ದದ್ದು ಚೂರುಪಾರು. ಇಂದಿನ ಫೋನು ಬಿದ್ದರೆ ಏನೂ ಬಿಚ್ಚಿಕೊಳ್ಳುವುದಿಲ್ಲ, ಎಲ್ಲವೂ ಅಂಟಿನಲ್ಲಿ ಒಂದಾಗಿದೆ. ಪೆಟ್ಟಿಗೆ ಹೋಗಲು ಬೇರೆ ದಾರಿಯಿಲ್ಲದೆ ಗಾಜಿನಲ್ಲಿ ದಾರಿ ಮಾಡಿಕೊಳ್ಳುತ್ತದೆ. ಯಾವುದನ್ನು ನಾವು ಕಲ್ಲು ಎಂದು ಹೊಗಳುತ್ತಿದ್ದೇವೋ ಅದು ಸಡಿಲವಾಗಿತ್ತು. ಯಾವುದು ನಿಜಕ್ಕೂ ಕಲ್ಲಿನಂತೆ ಒಂದೇ ಅಚ್ಚಾಗಿದೆಯೋ ಅದಕ್ಕೆ ರಬ್ಬರಿನ ಕವಚ ತೊಡಿಸಿ, ಗಾಜಿನ ಮೇಲೆ ಇನ್ನೊಂದು ಗಾಜು ಅಂಟಿಸಿ ಓಡಾಡುತ್ತಿದ್ದೇವೆ.

ಹಾಗಾದರೆ ಸ್ಲೈಡರ್‌ಗಳು ಕೆಡುತ್ತಲೇ ಇರಲಿಲ್ಲವೇ? ಚೆನ್ನಾಗಿಯೇ ಕೆಡುತ್ತಿದ್ದವು. ನನ್ನ ಬಳಿ ಆಗ ಇದ್ದದ್ದು ಬೇರೊಂದು ಕಂಪನಿಯ ಅಗ್ಗದ ಸ್ಲೈಡರ್, ಹೆಸರು ಬೇಡ. ಎರಡನೇ ವರ್ಷದಲ್ಲಿ ವಿಚಿತ್ರ ರೋಗ ಹಿಡಿಯಿತು. ಮುಚ್ಚಿದ್ದರೆ ಪರದೆ ಸರಿಯಾಗಿರುತ್ತಿತ್ತು, ತೆರೆದ ಕೂಡಲೇ ಬೆಳ್ಳಗೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಭೂತಗನ್ನಡಿ ಕಣ್ಣಿಗೇರಿಸಿ ಕೂತಿದ್ದ ಹುಡುಗನೊಬ್ಬ ಬಿಚ್ಚಿ ನೋಡಿ ಹೇಳಿದ: "ಸ್ಲೈಡರ್‌ಗೆ ಏನೂ ಆಗಿಲ್ಲ ಸಾರ್. ಫ್ಲೆಕ್ಸ್ ಹೋಗಿದೆ." ತೋರಿಸಿದ್ದು ಬೆರಳಗಲದ ಕಂದು ಪಟ್ಟಿ. ಪ್ಲಾಸ್ಟಿಕ್ಕಿನ ಹಾಳೆಯೊಳಗೆ ತಾಮ್ರದ ಗೆರೆಗಳು. ಕೆಳಗಿನ ಹೋಳಿನಿಂದ ಮೇಲಿನ ಪರದೆಗೆ ವಿದ್ಯುತ್ತನ್ನೂ ಚಿತ್ರವನ್ನೂ ಹೊತ್ತೊಯ್ಯುವ ಆ ಪಟ್ಟಿ ಪ್ರತಿಸಲ ತೆರೆದು ಮುಚ್ಚುವಾಗಲೂ ಮಡಿಕೆಯಲ್ಲಿ ಉರುಳುತ್ತದೆ. ಸಾವಿರಾರು ಸಲ ಉರುಳಿದ ಮೇಲೆ ತಾಮ್ರ ದಣಿದು ಸಣ್ಣಗೆ ಸೀಳುತ್ತದೆ. ಹುಡುಗ ಒಂದು ಡಬ್ಬಿಯಿಂದ ಹೊಸ ಪಟ್ಟಿ ತೆಗೆದು ಹಾಕಿ, ನಾನು ಪಕ್ಕದಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಕೊಟ್ಟ.

ಅಲ್ಲಿಗೆ ನೀವೇ ಒಪ್ಪಿಕೊಂಡಿರಿ, ಚಲನೆಯಿಂದಲೇ ಕೆಟ್ಟಿತಲ್ಲ ಎಂದು ಎದುರಾಳಿ ಹೇಳಬಹುದು. ಒಪ್ಪುತ್ತೇನೆ. ಸೈಕಲ್ಲಿನ ಬ್ರೇಕಿನ ರಬ್ಬರು ಸವೆಯುವುದೂ ಚಲನೆಯಿಂದಲೇ. ಸವೆಯಲೆಂದೇ ಇರುವ, ಸುಲಭವಾಗಿ ಬದಲಾಗುವ ಭಾಗ ಸವೆಯುವುದು ಬೇರೆ, ಬೆನ್ನೆಲುಬು ಮುರಿಯುವುದು ಬೇರೆ. ಇನ್ನು, ಈ ಸವೆತಕ್ಕೆ ನಮ್ಮ ಪಾಲೂ ಇತ್ತೆನ್ನಿ. ಕರೆ ಬಂದಾಗ ಮಾತ್ರ ಸ್ಲೈಡರ್ ತೆರೆದವರು ಯಾರು? ಮೀಟಿಂಗಿನಲ್ಲಿ, ಬಸ್ ಸ್ಟಾಪಿನಲ್ಲಿ, ಎದುರಿಗಿದ್ದವರ ಮಾತು ಬೇಸರವಾದಾಗ ಟಕ್ ಟಕ್ ಎಂದು ಆಡಿಸುತ್ತಲೇ ಇರುತ್ತಿದ್ದೆವು. ನಮ್ಮಜ್ಜ ನಶ್ಯದ ಡಬ್ಬಿಯ ಮುಚ್ಚಳವನ್ನು ಹೀಗೇ ಆಡಿಸುತ್ತಿದ್ದರು, ನಶ್ಯ ಏರಿಸುವುದಕ್ಕಿಂತ ಮುಚ್ಚಳ ಆಡಿಸಿದ್ದೇ ಹೆಚ್ಚು.

ಜಾರುವ ಹಳಿಯನ್ನು ಎಲ್ಲರೂ ಅನುಮಾನದಿಂದ ನೋಡುತ್ತಿದ್ದಾಗ ನಿಜವಾಗಿ ಕೈಕೊಡುತ್ತಿದ್ದವು ಬೇರೆ ಕಡೆಗಳು. 2009ರ ನೋಕಿಯಾ ಎನ್97ನ್ನು ನೋಡಿ. ಓರೆಯಾಗಿ ಎದ್ದು ನಿಲ್ಲುವ ಪರದೆ, ಅದರಡಿ ಪೂರ್ಣ ಕೀಬೋರ್ಡು. ಹಳಿ ಗಟ್ಟಿಯಾಗಿಯೇ ಇತ್ತು. ಅದರ ಮಾನ ಕಳೆದದ್ದು ಕ್ಯಾಮೆರಾದ ಪುಟ್ಟ ಮುಚ್ಚಳ. ಮೊದಲ ಕಂತಿನ ಫೋನುಗಳಲ್ಲಿ ಮುಚ್ಚಳದಡಿ ಧೂಳು ಸಿಕ್ಕಿ ಮಸೂರದ ಗಾಜನ್ನೇ ಗೀರುತ್ತಿತ್ತು, ಕಾಯಬೇಕಾದದ್ದೇ ಕೆಡಿಸುತ್ತಿತ್ತು. ಆಮೇಲೆ ಬಂದವುಗಳಲ್ಲಿ ಕಂಪನಿ ಅದನ್ನು ತಿದ್ದಿತು. ಅದೇ ವರ್ಷದ ನೋಕಿಯಾ ಎನ್900 ದಪ್ಪ ಇಟ್ಟಿಗೆಯಂಥ ಸ್ಲೈಡರ್, 181 ಗ್ರಾಂ. ಬಳಸಿದವರು ಇಂದಿಗೂ ಶಪಿಸುವುದು ಅದರ ಯುಎಸ್‌ಬಿ ತೂತನ್ನು, ಚಾರ್ಜರ್ ಸಿಕ್ಕಿಸಿ ತೆಗೆದು ಬೆಸುಗೆ ಬಿಟ್ಟು ಒಳಗೇ ಕಳಚಿಕೊಳ್ಳುತ್ತಿದ್ದ ತೂತು. ಅಮೆರಿಕದಲ್ಲಿ ಅದೇ ವರ್ಷದ ಜೂನಿನಲ್ಲಿ ಬಂದ ಪಾಮ್ ಪ್ರೀ ಎಂಬ ಚೆಲುವಾದ ನುಣುಪು ಕಲ್ಲಿನಾಕಾರದ ಸ್ಲೈಡರಿನ ಅಲುಗಾಟಕ್ಕೆ ಜನ ಓರಿಯೋ ಬಿಸ್ಕತ್ತಿನ ಹೆಸರಿಟ್ಟು ನಕ್ಕರು. ಬಿಸ್ಕತ್ತಿನ ಎರಡು ಹೋಳುಗಳನ್ನು ತಿರುಚಿ ಬಿಡಿಸುವ ಹಾಗೆ ತಿರುಗುತ್ತದೆ ಎಂದು. ನಗುವುದರ ನಡುವೆ ಒಂದನ್ನು ಗಮನಿಸಿದವರು ಕಡಿಮೆ: ಮೇಲಿನ ಹೋಳಿನ ಬೆನ್ನಿನಲ್ಲಿ ಒಂದು ಕನ್ನಡಿ ಇತ್ತು, ಫೋನು ತೆರೆದಾಗ ಮಾತ್ರ ಕಾಣುವಂತೆ. ಸ್ಲೈಡರ್ ಎಂದರೆ ಒಳಗೊಂದು ಮುಖ ಇರುವ ವಸ್ತು ಎಂಬುದನ್ನು ಅರ್ಥಮಾಡಿಕೊಂಡವರ ಕೆಲಸ ಅದು.

ಎನ್95ರ ವಿನ್ಯಾಸದಲ್ಲಿ ನಿಜವಾದ ದೋಷಗಳಿಲ್ಲವೆಂದು ಹೇಳಲು ನಾನು ಹೊರಟಿಲ್ಲ. ಇವೆ, ಆದರೆ ಅವು ತಿರುಚಿದರೆ ಸಿಗುವುದಿಲ್ಲ. ಮೊದಲನೆಯದು ಸ್ಲೈಡರ್ ಜಾತಿಗೇ ಅಂಟಿದ್ದು: ಕಾಪಾಡಬೇಕಾದದ್ದನ್ನು ಹೊರಗಿಟ್ಟು, ಕಾಪಾಡದಿದ್ದರೂ ನಡೆಯುವುದನ್ನು ಒಳಗಿಡುತ್ತದೆ. ಮಡಚುವ ಫೋನು ಮುಚ್ಚಿದಾಗ ಪರದೆಯನ್ನೇ ಒಳಗೆ ಹಾಕಿಕೊಳ್ಳುತ್ತಿತ್ತು. ಸ್ಲೈಡರ್ ಮುಚ್ಚಿದಾಗ ಒಳಹೋಗುವುದು ಗುಂಡಿಗಳು. ಪರದೆ ಜೇಬಿನ ಚಿಲ್ಲರೆ, ಕೀಲಿಕೈಗಳ ಜೊತೆ ಗೀರು ಹೊಡೆಸಿಕೊಳ್ಳುತ್ತಾ ಹೊರಗೇ ಉಳಿಯುತ್ತದೆ. ಬೆಳ್ಳಿ ಪಾತ್ರೆ ಜಗಲಿಯ ಮೇಲಿಟ್ಟು ಪೊರಕೆಯನ್ನು ಬೀರುವಿನಲ್ಲಿ ಬೀಗ ಹಾಕಿದ ಹಾಗೆ.

ಎರಡನೆಯದು ಮೆಟ್ಟಿಲು. ಸ್ಲೈಡರ್ ತೆರೆದಾಗ ಮೇಲಿನ ಹೋಳಿನ ಕೆಳ ಅಂಚು ಕೀಪ್ಯಾಡಿನ ಮೊದಲ ಸಾಲಿಗೆ ಅಡ್ಡ ನಿಲ್ಲುತ್ತದೆ. 1, 2, 3 ಒತ್ತುವಾಗ ಹೆಬ್ಬೆರಳು ಆ ಅಂಚಿಗೆ ತಾಗುತ್ತದೆ. ಆಯ್ಕೆಯ ಗುಂಡಿಗಳು, ಕರೆಯ ಗುಂಡಿಗಳು, ನಡುವಿನ ಚೌಕಗುಂಡಿ ಎಲ್ಲವೂ ಮೇಲಿನ ಹೋಳಿನಲ್ಲಿವೆ, ಅಂಕಿಗಳು ಕೆಳಗಿನದರಲ್ಲಿ. ಒಂದು ಸಂದೇಶ ಬರೆದು ಕಳಿಸುವಷ್ಟರಲ್ಲಿ ಹೆಬ್ಬೆರಳು ಎಷ್ಟು ಸಲ ಮೆಟ್ಟಿಲು ಹತ್ತಿಳಿಯಬೇಕು! ಮೇಲಿನ ಹೋಳು ಮುಂದೆ ಚಾಚಿದಾಗ ತಲೆಭಾರವೂ ಸೇರುತ್ತದೆ. ಈ ಮೆಟ್ಟಿಲಿನ ದಣಿವು ಐದು ನಿಮಿಷ ಹಿಡಿದು ನೋಡಿದವರಿಗೆ ತಿಳಿಯುವುದಿಲ್ಲ, ಐದು ತಿಂಗಳು ಬಳಸಿದವರಿಗೆ ತಿಳಿಯುತ್ತದೆ.

ಮೂರನೆಯದಂತೂ ಹಠಮಾರಿತನ. ಫೋನಿನ ಬುಡದಲ್ಲಿ ಮಿನಿ ಯುಎಸ್‌ಬಿ ತೂತು ಇತ್ತು, ಆದರೆ ಅದರಿಂದ ಚಾರ್ಜ್ ಆಗುತ್ತಿರಲಿಲ್ಲ. ಚಾರ್ಜಿಗೆ ಪಕ್ಕದಲ್ಲೇ ನೋಕಿಯಾದ ಸಣ್ಣಪಿನ್ನಿನ ಬೇರೆ ತೂತು. ಕೂದಲೆಳೆಯಷ್ಟು ಜಾಗಕ್ಕೂ ಹೊಡೆದಾಟ ನಡೆಯುವ ಮೈಯಲ್ಲಿ ಒಂದೇ ಕೆಲಸಕ್ಕೆ ಎರಡು ಬಾಗಿಲು. ಬ್ಯಾಟರಿ 950 ಎಂಎಎಚ್ ಮಾತ್ರ. ಜಿಪಿಎಸ್, ವೈಫೈ ಹಚ್ಚಿದರೆ ಸಂಜೆಗೆ ಮುಂಚೆಯೇ ದೀಪ ಆರುತ್ತಿತ್ತು. ಇದನ್ನು ಮಾತ್ರ ಆಗಲೇ ಎಲ್ಲರೂ ಬೈದಿದ್ದರು, ಸರಿಯಾಗಿಯೇ ಬೈದಿದ್ದರು.

2007ರ ಕೊನೆಗೆ ಬಂದ 8 ಜಿಬಿಯ ಎನ್95 ಈ ದೂರಿಗೆ ಉತ್ತರ ಕೊಟ್ಟಿತು. ಬ್ಯಾಟರಿ 1200ಕ್ಕೆ ಏರಿತು, ಪರದೆ 2.8 ಇಂಚಾಯಿತು. ಬದಲಿಗೆ ಹೋದದ್ದು ಕ್ಯಾಮೆರಾದ ಮುಚ್ಚಳ. ಇದನ್ನು ಲಾಭದ ವ್ಯಾಪಾರ ಎಂದೇ ಎಲ್ಲರೂ ಬಗೆದರು. ನನಗೆ ಇಲ್ಲಿ ಸ್ವಲ್ಪ ತಕರಾರು ಇದೆ. ಮೊದಲ ಎನ್95ರಲ್ಲಿ ಮುಚ್ಚಳ ಸರಿಸಿದರೆ ಕ್ಯಾಮೆರಾ ತಾನೇ ಎಚ್ಚರವಾಗುತ್ತಿತ್ತು. ಜೇಬಿನಿಂದ ತೆಗೆಯುತ್ತಲೇ ಬೆರಳು ಕಣ್ಣು ತೆರೆಸುತ್ತಿತ್ತು. ಮೆನುವಿನೊಳಗೆ ಹೋಗುವ ಗೋಜಿಲ್ಲ. ಮಸೂರಕ್ಕೆ ರಕ್ಷಣೆ, ಕ್ಯಾಮೆರಾಕ್ಕೆ ಸ್ವಿಚ್ಚು, ಎದುರಿದ್ದವರಿಗೆ "ನಿನ್ನ ಚಿತ್ರ ತೆಗೆಯುತ್ತಿದ್ದೇನೆ" ಎಂಬ ಸೂಚನೆ, ಮೂರೂ ಒಂದೇ ಚಲನೆಯಲ್ಲಿ. ಇಂದು ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ ಸ್ಟಿಕ್ಕರ್ ಅಂಟಿಸುವ ಕಾಲದಲ್ಲಿ ನಿಂತು ನೋಡಿದರೆ ಆ ಮುಚ್ಚಳ ಅಲಂಕಾರವಾಗಿರಲಿಲ್ಲ ಎಂದು ಅನಿಸುತ್ತದೆ.

ಸ್ಲೈಡರ್‌ಗಳು ಕಟ್ಟಿನ ದೋಷದಿಂದ ಸತ್ತವು ಎಂಬ ವಾದವನ್ನು ಪರೀಕ್ಷಿಸಲು ಒಂದು ಒಳ್ಳೆಯ ಸಾಕ್ಷಿ ಇದೆ. ವಿಚಿತ್ರವೆಂದರೆ ಅದನ್ನು ಯಾರೂ ಕರೆಯುವುದಿಲ್ಲ. 2009ರ ನೋಕಿಯಾ ಎನ್86. ಎನ್95ರ ಮೈಕಟ್ಟಿನ ಬಗ್ಗೆ ಬಂದ ದೂರುಗಳನ್ನೆಲ್ಲ ಪಟ್ಟಿಮಾಡಿ ಒಂದೊಂದಕ್ಕೂ ಉತ್ತರ ಬರೆದಂತಿತ್ತು ಅದು. ಪ್ಲಾಸ್ಟಿಕ್ಕಿನ ಬದಲು ಲೋಹ, ಗಾಜು. ಅದೇ ಎರಡು ದಿಕ್ಕಿನ ಹಳಿ, ಆದರೆ ಬಿಗಿ. ದಪ್ಪ 16.5 ಮಿ.ಮೀ.ಗೆ ಇಳಿಯಿತು. ಮಸೂರದ ಮುಚ್ಚಳ ಮರಳಿ ಬಂತು. ಬ್ಯಾಟರಿ 1200. ಚಾರ್ಜು ಮೈಕ್ರೋ ಯುಎಸ್‌ಬಿಯಿಂದ. 8 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ ಬೆಳಕಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಕಿಂಡಿ. ತೂಕ 149 ಗ್ರಾಂ, ಎನ್95ಕ್ಕಿಂತ 29 ಗ್ರಾಂ ಹೆಚ್ಚು. ಆ 29 ಗ್ರಾಮಿನಲ್ಲಿ ತಿರುಚುವವರಿಗೆ ಬೇಕಿದ್ದ ಕಲ್ಲಿನ ಅನುಭವವನ್ನು ಕೊಂಡುಕೊಂಡಿದ್ದರು. ಆಮೇಲೆ? ಎನ್95ರ ನೆನಪು ಇಂದಿಗೂ ಊರೂರಲ್ಲಿ ಇದೆ. ಎನ್86 ಎಂದರೆ ಹತ್ತರಲ್ಲಿ ಒಂಬತ್ತು ಜನ ಯಾವುದದು ಎನ್ನುತ್ತಾರೆ. ಕಟ್ಟೇ ಕಾರಣವಾಗಿದ್ದರೆ ಲೊಡಲೊಡ ಎಂದದ್ದು ಸೋತು ಗಟ್ಟಿಯಾದದ್ದು ಗೆಲ್ಲಬೇಕಿತ್ತು. ಆದದ್ದು ಉಲ್ಟಾ.

ಏಕೆಂದರೆ ಆ ಹೊತ್ತಿಗೆ ಜಾರುವ ಹೋಳಿನ ಕೆಳಗಿದ್ದ ವಸ್ತುವೇ ಮಾಯವಾಗುತ್ತಿತ್ತು. 2007ರ ಜನವರಿಯಲ್ಲಿ, ಎನ್95 ಇನ್ನೂ ಅಂಗಡಿಗೆ ಬರುವ ಮೊದಲೇ, ಆಪಲ್ ಕಂಪನಿ ಐಫೋನ್ ತೋರಿಸಿತ್ತು. ಬೆರಳ ತುದಿ ಸೋಕಿದರೆ ಸಾಕು ಎನ್ನುವ ಪರದೆ. ಕೀಬೋರ್ಡು ಬೇಕಾದಾಗ ಮೂಡಿ, ಬೇಡವಾದಾಗ ಮಾಯವಾಗುತ್ತದೆ. 2008ರ ಅಕ್ಟೋಬರಿನಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನು, ಎಚ್‌ಟಿಸಿಯ ಜಿ1, ಸ್ವತಃ ಸ್ಲೈಡರ್. ಪರದೆ ಕಮಾನಿನಂತೆ ತಿರುಗಿ ಸರಿದರೆ ಐದು ಸಾಲಿನ ಕೀಬೋರ್ಡು. ಅದು ಸ್ಲೈಡರ್ ಆದದ್ದು ಅಂದಕ್ಕಲ್ಲ, ಆಂಡ್ರಾಯ್ಡಿನಲ್ಲಿ ಆಗ ಪರದೆಯ ಮೇಲಿನ ಕೀಬೋರ್ಡೇ ಇರಲಿಲ್ಲ. 2009ರ ಏಪ್ರಿಲಿನಲ್ಲಿ ಬಂದ ಹೊಸ ಆವೃತ್ತಿ ಅದನ್ನು ಕೊಟ್ಟಿತು. ಅಲ್ಲಿಗೆ ಆ ಕಮಾನಿನ ಹಳಿ ಅನಿವಾರ್ಯದಿಂದ ಐಚ್ಛಿಕಕ್ಕೆ ಇಳಿಯಿತು. ಮುರಿದದ್ದು ಏನೂ ಇಲ್ಲ. ಎನ್95ರ ಹಳಿ ಬಚ್ಚಿಟ್ಟಿದ್ದ ಎರಡು ನಿಧಿಗಳು, ಅಂಕಿಗಳು ಮತ್ತು ಹಾಡಿನ ಗುಂಡಿಗಳು, ಎರಡೂ ಗಾಜಿನ ಮೇಲಿನ ಚಿತ್ರಗಳಾದವು. ನಿಧಿ ಹೋದ ಮೇಲೆ ಬಾಗಿಲಿಗೆ ಕಾವಲೇಕೆ?

ಬ್ಲ್ಯಾಕ್‌ಬೆರಿ ಇದನ್ನು ಒಪ್ಪಲು ತಡಮಾಡಿತು. 2015ರ ನವೆಂಬರಿನ ಪ್ರಿವ್ 5.4 ಇಂಚಿನ ಬಾಗಿದ ಪರದೆಯ ಅಡಿಯಲ್ಲಿ ಕೀಬೋರ್ಡು ಬಚ್ಚಿಟ್ಟುಕೊಂಡು ಬಂತು, 9.4 ಮಿ.ಮೀ. ದಪ್ಪದಲ್ಲಿ. ಗುಂಡಿಗಳ ಮೇಲೆ ಒತ್ತದೆ ಬೆರಳು ಸವರಿದರೂ ಪುಟ ಸರಿಯುತ್ತಿತ್ತು. ಸೊಗಸಾದ ಯೋಚನೆ, ಸ್ಲೈಡರೂ ನಯವಾಗಿತ್ತು. ಭಾರತಕ್ಕೆ 2016ರ ಜನವರಿಯಲ್ಲಿ ಬಂದಾಗ ಬೆಲೆ 62,990 ರೂಪಾಯಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿ ಇನ್ನು ಮುಂದೆ ತಾನೇ ಫೋನು ವಿನ್ಯಾಸ ಮಾಡುವುದಿಲ್ಲ ಎಂದು ಘೋಷಿಸಿತು. ಅಲ್ಲೂ ಸೋತದ್ದು ಹಳಿಯಲ್ಲ.

2018ರಲ್ಲಿ ಸ್ಲೈಡರ್ ಮರುಹುಟ್ಟು ಪಡೆಯಿತು ಎಂದು ಸಂಭ್ರಮಿಸಿದವರಿದ್ದರು. ನನಗೆ ಅದು ಮರುಹುಟ್ಟಲ್ಲ, ವೇಷ. ಜೂನಿನಲ್ಲಿ ಪ್ಯಾರಿಸ್ಸಿನ ಲೂವ್ರ್‌ನಲ್ಲಿ ಬಿಡುಗಡೆಯಾದ ಒಪ್ಪೊ ಫೈಂಡ್ ಎಕ್ಸ್‌ನಲ್ಲಿ ಮೋಟಾರು ತಲೆಯನ್ನು ಮೇಲೆತ್ತುತ್ತಿತ್ತು. ಅದರೊಳಗೆ ಕ್ಯಾಮೆರಾಗಳು. ಅಕ್ಟೋಬರಿನಲ್ಲಿ ಬೀಜಿಂಗಿನಲ್ಲಿ ಬಂದ ಶವೋಮಿಯ ಮಿ ಮಿಕ್ಸ್ 3ರಲ್ಲಿ ಮೋಟಾರಿಲ್ಲ, ಆಯಸ್ಕಾಂತಗಳ ನೆರವಿನಿಂದ ಕೈಯಲ್ಲೇ ಜಾರಿಸಬೇಕು, 218 ಗ್ರಾಂ ತೂಕ. ಎರಡರಲ್ಲೂ ಜಾರಿದಾಗ ಸಿಗುವುದು ಕ್ಯಾಮೆರಾ ಮಾತ್ರ. ಪರದೆಯ ಮೇಲಂಚಿನಲ್ಲಿ ಕ್ಯಾಮೆರಾ ಕಂಡರೆ ಅಂದಗೆಡುತ್ತದೆಂದು ಅದನ್ನು ಒಳಗೆ ಅಡಗಿಸುವುದಷ್ಟೇ ಆ ಹಳಿಯ ಕೆಲಸ. ಎನ್95ರ ಹಳಿ ಬೆರಳಿಗೆ ಏನನ್ನೋ ಕೊಡಲು ತೆರೆಯುತ್ತಿತ್ತು, ಇವು ಕಣ್ಣಿನಿಂದ ಏನನ್ನೋ ಮರೆಮಾಚಲು ಮುಚ್ಚುತ್ತಿದ್ದವು. ಫೈಂಡ್ ಎಕ್ಸ್‌ನ ಗತಿ ಇನ್ನೂ ಬೋಧಪ್ರದ. ಫೋನುಗಳನ್ನು ಕೆರೆದು ಬಗ್ಗಿಸಿ ಪರೀಕ್ಷಿಸುವ ಯೂಟ್ಯೂಬಿನ ಜೆರ್ರಿರಿಗ್‌ಎವೆರಿಥಿಂಗ್ ವಾಹಿನಿಯ ಕೈಯಲ್ಲಿ ಅದು ಮುರಿಯಿತು. ಇದೋ ನೋಡಿ, ಚಲಿಸುವ ಭಾಗದ ಹಣೆಬರಹ ಎಂದರು ಜನ. ಅಂಗಡಿಯಲ್ಲಿ ಹಿಡಿದಾಗ ಅದು ಲೊಡಲೊಡ ಅನ್ನುತ್ತಿರಲಿಲ್ಲ ಎಂಬುದನ್ನು ಮಾತ್ರ ಮರೆತರು. ಹೊಳೆಯುವ ಗಾಜು, ಬಿಗಿಯಾದ ಸಂದು, ಶಬ್ದವಿಲ್ಲದ ಮೋಟಾರು, ನಮ್ಮ ತಿರುಚುವ ಪರೀಕ್ಷೆಯಲ್ಲಿ ಪೂರ್ಣ ಅಂಕ. ಎರಡು ವರ್ಷದ ನಂತರ ಬಂದ ಫೈಂಡ್ ಎಕ್ಸ್2ರಲ್ಲಿ ಮೋಟಾರೂ ಇಲ್ಲ, ಹಳಿಯೂ ಇಲ್ಲ. ಪರದೆಯಲ್ಲೊಂದು ತೂತು ಕೊರೆದು ಕ್ಯಾಮೆರಾ ಕೂರಿಸಿದ್ದರು. ಬಚ್ಚಿಡುವ ಕಾರಣ ಅಷ್ಟು ಬಡಕಲಾಗಿತ್ತು.

ಸಿನಿಮಾದ ಒಂದು ಪ್ರಸಂಗ ನೆನಪಾಗುತ್ತದೆ. 1996ರ ನೋಕಿಯಾ 8110, ಬಾಳೆಹಣ್ಣಿನಂತೆ ಬಾಗಿದ್ದು, ಕೀಪ್ಯಾಡಿನ ಮೇಲೆ ಜಾರುವ ಮುಚ್ಚಳ. 1999ರ 'ದಿ ಮೇಟ್ರಿಕ್ಸ್' ಚಿತ್ರದಲ್ಲಿ ಗುಂಡಿ ಒತ್ತಿದರೆ ಅದು ಚಟ್ಟನೆ ಹಾರಿ ತೆರೆದುಕೊಳ್ಳುತ್ತದೆ. ಆ ಸ್ಪ್ರಿಂಗು ಚಿತ್ರಕ್ಕಾಗಿ ಸೇರಿಸಿದ್ದು. ಅಂಗಡಿಯಲ್ಲಿ ಸಿಗುತ್ತಿದ್ದ 8110ನ್ನು ಕೈಯಿಂದಲೇ ಎಳೆಯಬೇಕಿತ್ತು. ಚಿತ್ರ ನೋಡಿ ಹೋಗಿ ಕೊಂಡವರಿಗೆ ನಿರಾಸೆಯಾಗಿರಬೇಕು. ಸ್ಲೈಡರನ್ನು ನಾವು ಮೊದಲಿನಿಂದಲೂ ಅದು ಮಾಡುವ ಕೆಲಸದಿಂದಲ್ಲ, ಅದು ಕೊಡಬೇಕಾದ ರೋಮಾಂಚನದಿಂದಲೇ ಅಳೆದೆವು ಎನ್ನಲು ಇದೂ ಒಂದು ಗುರುತು.

ಈಗ ಮಡಚುವ ಪರದೆಯ ಫೋನುಗಳ ಕಾಲ. ಸ್ಯಾಮ್‌ಸಂಗ್‌ನ ಮೊದಲ ಫೋಲ್ಡ್ 2019ರ ಏಪ್ರಿಲಿನಲ್ಲಿ ಅಂಗಡಿಗೆ ಬರಬೇಕಿತ್ತು. ವಿಮರ್ಶಕರಿಗೆ ಕೊಟ್ಟ ಫೋನುಗಳ ಪರದೆಗಳೇ ಕೆಟ್ಟು, ತಿದ್ದುಪಡಿಯಾಗಿ, ಸೆಪ್ಟೆಂಬರಿನಲ್ಲಿ ಬಂತು. ಚಲಿಸುವ ಭಾಗ ಇರಬಾರದು ಎಂದು ಹತ್ತು ವರ್ಷ ಹೇಳಿದ ಉದ್ಯಮವೇ ಫೋನಿನಲ್ಲಿ ಅತ್ಯಂತ ನಾಜೂಕಾದ ಭಾಗವನ್ನು, ಅಂದರೆ ಪರದೆಯನ್ನೇ, ಚಲಿಸುವ ಭಾಗ ಮಾಡಿ ಲಕ್ಷಕ್ಕೂ ಮಿಗಿಲಾದ ಬೆಲೆಗೆ ಮಾರುತ್ತಿದೆ. ಎನ್95ರಲ್ಲಿ ದಣಿಯುತ್ತಿದ್ದದ್ದು ಒಂದು ಕಂದು ಪಟ್ಟಿ. ಇಲ್ಲಿ ದಣಿಯುವುದು ಪರದೆ. ಮಡಚುವ ಪರದೆಯ ನಡುವಿನ ಗೆರೆಯನ್ನು, ಬೆರಳಾಡಿಸಿದರೆ ಸಿಗುವ ಆ ಹಳ್ಳವನ್ನು, ಕಟ್ಟಿನ ದೋಷ ಎಂದು ಕರೆಯುವವರು ಕಡಿಮೆ. ಅಭ್ಯಾಸವಾಗುತ್ತದೆ ಬಿಡಿ ಎನ್ನುತ್ತಾರೆ.

ಮೊನ್ನೆ ಒಂದು ಶೋರೂಮಿನಲ್ಲಿ ನಿಂತು ನೋಡುತ್ತಿದ್ದೆ. ಮೇಜಿಗೆ ತಂತಿಯಿಂದ ಕಟ್ಟಿಹಾಕಿದ ಮಡಚುವ ಫೋನು. ಒಬ್ಬೊಬ್ಬರಾಗಿ ಬಂದು ಎರಡೂ ಕೈಗಳಲ್ಲಿ, ಹಪ್ಪಳ ಹಿಡಿದ ಹಾಗೆ, ಮೆಲ್ಲಗೆ ತೆರೆದು ಮೆಲ್ಲಗೆ ಮುಚ್ಚಿ ಇಟ್ಟುಹೋಗುತ್ತಿದ್ದರು. ಯಾರೂ ತಿರುಚಿ ನೋಡಲಿಲ್ಲ.